ಅಂಚೆಮುದ್ರೆ: ಲಕೋಟೆಯ ಮೇಲಿನ ಮೂಕ ಸಾಕ್ಷಿ

ಅಂಚೆಚೀಟಿ ಕೂಡಿಸುವ ಹವ್ಯಾಸ ಹಚ್ಚಿಕೊಂಡ ಹುಡುಗನ ಕೈಗೆ ಹಳೆಯ ಲಕೋಟೆ ಸಿಕ್ಕರೆ ಅವನು ಮೊದಲು ಹುಡುಕುವುದು ಕತ್ತರಿಯನ್ನು. ಚೀಟಿ ಅಂಟಿಸಿದ ಮೂಲೆಯನ್ನು ಕತ್ತರಿಸಿ, ನೀರಿನ ಬಟ್ಟಲಲ್ಲಿ ನೆನೆಹಾಕಿ, ಚೀಟಿಯನ್ನು ನಾಜೂಕಾಗಿ ಬಿಡಿಸಿ ಒಣಗಿಸುತ್ತಾನೆ. ಉಳಿದ ಲಕೋಟೆ ಕಸದ ಬುಟ್ಟಿಗೋ ಬಚ್ಚಲ ಒಲೆಗೋ ಹೋಗುತ್ತದೆ. ಚೀಟಿಯ ಮೇಲೆ ಬಿದ್ದ ಮಸಿಯ ಗುರುತು ಅವನ ಪಾಲಿಗೆ ಅಂದ ಕೆಡಿಸಿದ ಕಲೆ. ಆದರೆ ಆ ಕಲೆಯನ್ನೇ ಅರಸಿ ಹೋಗುವ, ಅದಕ್ಕಾಗಿ ಇಡೀ ಲಕೋಟೆಯನ್ನು ಜೋಪಾನ ಮಾಡುವ ಇನ್ನೊಂದು ವರ್ಗದ ಸಂಗ್ರಾಹಕರಿದ್ದಾರೆ. ಅವರಿಗೆ ಚೀಟಿಗಿಂತ ಚೀಟಿಯ ಮೇಲೆ ಒತ್ತಿದ ಅಂಚೆಮುದ್ರೆ ಮುಖ್ಯ.

ಇದು ಬರೀ ಹುಚ್ಚೇ? ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ನೋಡಬಹುದು. ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರವಿದೆ. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯಲ್ಲಿ ಸಾಧಕರಾಗಿ ಕಲಿತ ವಟುಗಳು ಮುಂದೆ ನಾಡಿನ ಅನೇಕ ಮಠಗಳ ಅಧಿಪತಿಗಳಾದರು. ಇಂಥ ಸಂಸ್ಥೆಗೆ ಊರೂರಿನ ಮಠಗಳಿಂದ, ಭಕ್ತರಿಂದ ಪತ್ರಗಳು ಬರುವುದು ಸಹಜ. ಅಂಥದೊಂದು ಪತ್ರ ಯಾರದೋ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಒಳಗಿನ ಕಾಗದದಲ್ಲಿ ‘ಸಾಧಾರಣ ಸಂವತ್ಸರ, ಶ್ರಾವಣ ಬಹುಳ ಪಂಚಮಿ’ ಎಂದಷ್ಟೇ ಬರೆದಿದೆ. ಇಸವಿ ಇಲ್ಲ.

ಅರವತ್ತು ಸಂವತ್ಸರಗಳ ಚಕ್ರದಲ್ಲಿ ಸಾಧಾರಣ ಸಂವತ್ಸರ 1910ರಲ್ಲಿಯೂ ಬಂದಿತ್ತು, 1970ರಲ್ಲಿಯೂ ಬಂದಿತ್ತು. ಸಂಸ್ಥೆ ಹುಟ್ಟಿದ ಮರುವರ್ಷದ ಪತ್ರವೋ, ಅದಕ್ಕೆ ಅರವತ್ತು ತುಂಬಿದ ಮೇಲಿನದೋ? ಸಂಸ್ಥೆಯ ಚರಿತ್ರೆ ಬರೆಯುವವನಿಗೆ ಎರಡಕ್ಕೂ ಅಜಗಜಾಂತರ. ಚೀಟಿ ಇದ್ದಿದ್ದರೆ ಅದರ ಮೇಲೆ ಇಂಗ್ಲೆಂಡಿನ ರಾಜನ ತಲೆ ಇದೆಯೋ ಸ್ವತಂತ್ರ ಭಾರತದ ಚಿತ್ರವಿದೆಯೋ ನೋಡಿ ಹೇಳಿಬಿಡಬಹುದಿತ್ತು. ಆದರೆ ಆ ಮೂಲೆಯನ್ನು ಯಾರೋ ಹುಡುಗ ಕತ್ತರಿಸಿಬಿಟ್ಟಿದ್ದಾನೆ. ಈಗ ಉಳಿದಿರುವುದು ಲಕೋಟೆಯ ಬೆನ್ನ ಮೇಲೆ ತಲುಪಿದ ಕಚೇರಿಯವರು ಒತ್ತಿದ ದುಂಡನೆಯ ಗುರುತೊಂದೇ. ಅದನ್ನು ಓದಲು ಬರಬೇಕು ಅಷ್ಟೆ.

ಮುದ್ರೆ ಬಂದದ್ದೇಕೆ?

ಅಂಚೆಚೀಟಿಗಿಂತ ಅಂಚೆಮುದ್ರೆಯೇ ಹಿರಿಯದು ಎಂಬುದು ಹಲವರಿಗೆ ತಿಳಿಯದ ಸಂಗತಿ. ಇಂಗ್ಲೆಂಡಿನಲ್ಲಿ ಅಂಚೆ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಹೆನ್ರಿ ಬಿಷಪ್ 1661ರಲ್ಲಿ ಒಂದು ಪುಟ್ಟ ದುಂಡು ಮುದ್ರೆಯನ್ನು ಬಳಕೆಗೆ ತಂದ. ಪತ್ರಗಳು ತಡವಾಗುತ್ತಿವೆ ಎಂಬ ದೂರು ಆಗಲೂ ಇತ್ತು. ಪತ್ರ ಕಚೇರಿಗೆ ಬಂದ ದಿನವನ್ನು ಅದರ ಮೇಲೆಯೇ ಒತ್ತಿಬಿಟ್ಟರೆ ಯಾರೂ ಅದನ್ನು ಕೈಯಲ್ಲಿಟ್ಟುಕೊಂಡು ಕೂರುವಂತಿಲ್ಲ ಎಂಬುದು ಅವನ ಲೆಕ್ಕ. ಆ ಮುದ್ರೆಯಲ್ಲಿ ತಿಂಗಳು ಮತ್ತು ತಾರೀಖು ಮಾತ್ರ ಇದ್ದವು, ಇಸವಿ ಇರಲಿಲ್ಲ.

ಮುದ್ರೆಗೆ ಎರಡನೆಯ ಕೆಲಸ ಬಿದ್ದದ್ದು 1840ರಲ್ಲಿ, ಬ್ರಿಟನ್ನಿನಲ್ಲಿ ಜಗತ್ತಿನ ಮೊದಲ ಅಂಟಿಸುವ ಅಂಚೆಚೀಟಿ ಬಂದಾಗ. ಒಮ್ಮೆ ಬಳಸಿದ ಚೀಟಿಯನ್ನು ಬಿಡಿಸಿ ಮತ್ತೆ ಅಂಟಿಸದಂತೆ ಅದನ್ನು ರದ್ದುಪಡಿಸಬೇಕಿತ್ತು. ಮೊದಲು ಕಪ್ಪು ಚೀಟಿಯ ಮೇಲೆ ಕೆಂಪು ಮಸಿಯ ಗುರುತು ಒತ್ತಿದರು. ಚತುರರು ಆ ಕೆಂಪು ಮಸಿಯನ್ನು ತೊಳೆದು ಚೀಟಿಯನ್ನು ಮತ್ತೆ ಬಳಸತೊಡಗಿದರು. 1841ರಲ್ಲಿ ಚೀಟಿಯನ್ನೇ ಕೆಂಪು ಬಣ್ಣಕ್ಕೆ ತಿರುಗಿಸಿ ಮಸಿಯನ್ನು ಕಪ್ಪು ಮಾಡಬೇಕಾಯಿತು. ಅಂದಿನಿಂದ ಇಂದಿನವರೆಗೆ ಅಂಚೆಮುದ್ರೆಯದು ಇಬ್ಬಗೆಯ ಕೆಲಸ. ಒಂದು, ಊರು–ದಿನಾಂಕ ಹೇಳುವುದು. ಇನ್ನೊಂದು, ಚೀಟಿಯನ್ನು ಕೊಲ್ಲುವುದು.

ನಮ್ಮ ನಾಡಿಗೆ ಟಪಾಲು ಹೊಸದೇನಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯನ್ನು ಏರ್ಪಡಿಸಿದ್ದರು. ಆ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಬಾದಾಮಿ, ಹುನಗುಂದ, ಇಳಕಲ್ಲು ಪ್ರದೇಶಗಳು ಮಾತ್ರ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಈ ಭಾಗದ ಹಿರಿಯರ ಬಾಯಲ್ಲಿ ‘ಅಂಚೆ’ಗಿಂತ ‘ಟಪಾಲು’ ಎಂಬ ಮಾತೇ ಹೆಚ್ಚು ಉಳಿದಿರುವುದು ಆ ಸಂಬಂಧದ ನೆನಪು. ಇಡೀ ದೇಶಕ್ಕೆ ಒಂದೇ ಬಗೆಯ ಚೀಟಿ, ತೂಕಕ್ಕೆ ತಕ್ಕ ಒಂದೇ ದರ ಜಾರಿಗೆ ಬಂದದ್ದು 1854ರ ಅಕ್ಟೋಬರ್‌ನಲ್ಲಿ. ಕಾಲಾಣೆಯ ಕಾರ್ಡು ಬಂದದ್ದು 1879ರ ಜುಲೈಯಲ್ಲಿ.

ಸಂಖ್ಯೆಗಳ ಒಗಟು

ಚೀಟಿ ಬಂದ ಹೊಸತರಲ್ಲಿ ನಮ್ಮ ದೇಶದ ಕಚೇರಿಗಳಿಗೆ ಕೊಟ್ಟ ರದ್ದತಿ ಮುದ್ರೆಗಳಲ್ಲಿ ಊರ ಹೆಸರೇ ಇರಲಿಲ್ಲ. ಅಡ್ಡಗೆರೆಗಳ ನಡುವೆ ಒಂದು ಸಂಖ್ಯೆ ಮಾತ್ರ ಇರುತ್ತಿತ್ತು. ಬಂಗಾಳ ವೃತ್ತದ ಕಚೇರಿಯಾದರೆ ಸಂಖ್ಯೆಯ ಮೇಲೆ ಇಂಗ್ಲಿಷಿನ ‘ಬಿ’ ಅಕ್ಷರ, ಮದ್ರಾಸು ವೃತ್ತಕ್ಕೆ ‘ಸಿ’ ಅಕ್ಷರ. ಯಾವ ಸಂಖ್ಯೆ ಯಾವ ಊರಿನದು? ಚೀಟಿಯೊಂದನ್ನೇ ನೋಡಿದರೆ ಎಷ್ಟು ತಲೆ ಕೆರೆದುಕೊಂಡರೂ ತಿಳಿಯದು.

ಸಂಗ್ರಾಹಕರು ಈ ಒಗಟನ್ನು ಬಿಡಿಸಿದ ರೀತಿ ಸ್ವಾರಸ್ಯಕರ. ಅವರು ಇಡೀ ಲಕೋಟೆಗಳನ್ನು ಹುಡುಕಿದರು. ಚೀಟಿಯ ಮೇಲೆ ಸಂಖ್ಯೆ ಇದ್ದರೆ, ಅದೇ ಲಕೋಟೆಯ ಇನ್ನೊಂದು ಕಡೆ ಕಳಿಸಿದ ಕಚೇರಿಯ ಹೆಸರು–ದಿನಾಂಕವಿರುವ ಮುದ್ರೆ ಇರುತ್ತಿತ್ತು. ಎರಡನ್ನೂ ಹೊಂದಿಸಿ ಒಂದೊಂದೇ ಊರನ್ನು ಗುರುತಿಸುತ್ತ ಹೋದರು. ಬಂಗಾಳ ವೃತ್ತದ ‘ಬಿ 172’ ಎಂಬ ಮುದ್ರೆ ಹೀಗೆ ಪ್ರಸಿದ್ಧವಾದದ್ದು. ಅದು ಬಂಗಾಳದ ಯಾವುದೇ ಊರಿನದಲ್ಲ, ಸಿಂಗಪುರದ್ದು! 1867ರವರೆಗೆ ಸಿಂಗಪುರದ ಆಡಳಿತ ಬ್ರಿಟಿಷ್ ಭಾರತಕ್ಕೆ ಸೇರಿದ್ದು, ಅಲ್ಲಿ ಭಾರತದ ಚೀಟಿಗಳೇ ನಡೆಯುತ್ತಿದ್ದವು. ಒಂದು ಅಕ್ಷರ, ಮೂರು ಅಂಕೆಗಳಲ್ಲಿ ಇಷ್ಟು ಇತಿಹಾಸ ಅಡಗಿದೆ.

ಬ್ರಿಟಿಷ್ ಅಭ್ಯಾಸಿ ರೆನೂಫ್, ಮುಂಬಯಿಯ ಜಾಲ್ ಕೂಪರ್ ಮುಂತಾದವರು ಭಾರತದ ಆರಂಭದ ಮುದ್ರೆಗಳನ್ನು ಆಕಾರ, ಗೆರೆ, ಅಕ್ಷರಗಳ ಪ್ರಕಾರ ವಿಂಗಡಿಸಿ ಪ್ರತಿಯೊಂದು ಬಗೆಗೂ ಕ್ರಮಸಂಖ್ಯೆ ಕೊಟ್ಟರು. ಇಂದಿಗೂ ಸಂಗ್ರಾಹಕರು ‘ಇದು ರೆನೂಫ್ ನಾಲ್ಕನೆಯ ಬಗೆ’ ಎಂಬಂತೆ ಮಾತಾಡಿಕೊಳ್ಳುತ್ತಾರೆ. ಸಸ್ಯಶಾಸ್ತ್ರಜ್ಞರು ಗಿಡಗಳಿಗೆ ಹೆಸರು ಕೊಟ್ಟ ಹಾಗೆಯೇ ಇದು. ಹೆಸರು ಒಂದೇ ಆದರೆ ಧಾರವಾಡದವನು ಹೇಳಿದ್ದು ಲಂಡನ್ನಿನವನಿಗೂ ತಿಳಿಯುತ್ತದೆ.

ಕೈಯ ಬದಲು ಯಂತ್ರ

ಪತ್ರಗಳ ಸಂಖ್ಯೆ ಬೆಳೆದಂತೆ ದೊಡ್ಡ ಊರುಗಳಲ್ಲಿ ಕೈಯಿಂದ ಠಸ್ಸೆ ಹಾಕಿ ಪೂರೈಸದಾಯಿತು. ಯಂತ್ರದಿಂದ ಮುದ್ರೆ ಒತ್ತುವ ಪ್ರಯೋಗವನ್ನು ಬ್ರಿಟನ್ನಿನಲ್ಲಿ 1857ರಲ್ಲಿ ಮಾಡಿದವನು ಪಿಯರ್ಸನ್ ಹಿಲ್. ಅಂಚೆಚೀಟಿಯ ಜನಕ ಎನಿಸಿದ ರೋಲಂಡ್ ಹಿಲ್ ಅವರ ಮಗನೇ ಈತ. ಅಮೆರಿಕದ ಬೋಸ್ಟನ್‌ನಲ್ಲಿ 1876ರಿಂದ ಲೆವಿಟ್ ಯಂತ್ರಗಳು ಕೆಲಸ ಮಾಡಿದವು. ಆಮೇಲೆ ಯಂತ್ರ ತಯಾರಕರಲ್ಲಿ ಪೈಪೋಟಿಯೇ ನಡೆಯಿತು.

ಈ ಕಥೆಯಲ್ಲಿ ಪುಟ್ಟ ದೇಶ ನಾರ್ವೆಗೆ ದೊಡ್ಡ ಪಾತ್ರವಿದೆ. ಅಲ್ಲಿನ ನಿಲ್ಸ್ ಓಲ್ ಕ್ರಾಗ್ ಎಂಬುವನು 20ನೇ ಶತಮಾನದ ಆರಂಭದ ವರ್ಷಗಳಲ್ಲಿ ಹೊಸ ಬಗೆಯ ಯಂತ್ರವೊಂದನ್ನು ರೂಪಿಸಿದ. ಅಮೆರಿಕದ ಸಾಮಾನ್ಯ ಯಂತ್ರದಲ್ಲಿ ಲಕೋಟೆ ಒಳಗೆ ಬಂದಾಗ ಅಚ್ಚು ಒಂದು ಸುತ್ತು ತಿರುಗಿ, ಚೀಟಿ ಇರುವ ಮೂಲೆಯಲ್ಲಿ ಒಮ್ಮೆ ಮುದ್ರೆ ಒತ್ತುತ್ತಿತ್ತು. ಎಡಕ್ಕೆ ದಿನಾಂಕದ ಚಕ್ರ, ಬಲಕ್ಕೆ ಚೀಟಿಯ ಮೇಲೆ ಅಲೆಯಂಥ ಗೆರೆಗಳು. ಕ್ರಾಗ್ ಯಂತ್ರದ ಉರುಳೆಯಾದರೋ ನಿಲ್ಲದೆ ತಿರುಗುತ್ತಿತ್ತು. ಅದರಡಿ ಹಾದುಹೋದ ಲಕೋಟೆಯ ಮೇಲೆ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಚಕ್ರ, ಗೆರೆ, ಮತ್ತೆ ಚಕ್ರ, ಮತ್ತೆ ಗೆರೆ ಎಂದು ಸೀರೆಯ ಅಂಚಿನ ಹಾಗೆ ಮುದ್ರೆ ಸಾಲಾಗಿ ಮೂಡುತ್ತಿತ್ತು. ನಾರ್ವೆಯ ಹೊರಗೆ ಡೆನ್ಮಾರ್ಕ್, ಬ್ರಿಟನ್ ದೇಶಗಳಿಗೂ ಈ ಯಂತ್ರ ಹೋಯಿತು.

ನಾರ್ವೆಯ ಆರಂಭದ ಯಂತ್ರಮುದ್ರೆಗಳನ್ನು ಕೂಡಿಸುವವರು ಕತ್ತರಿಯನ್ನು ಏಕೆ ವೈರಿಯಂತೆ ಕಾಣುತ್ತಾರೆ ಎಂಬುದು ಈಗ ತಿಳಿಯುತ್ತದೆ. ಕತ್ತರಿಸಿದ ಮೂಲೆಯಲ್ಲಿ ಒಂದು ಚಕ್ರವೋ ಅರ್ಧ ಚಕ್ರವೋ ಉಳಿಯುತ್ತದೆ. ಒಂದು ಚಕ್ರದಿಂದ ಮುಂದಿನ ಚಕ್ರಕ್ಕೆ ಎಷ್ಟು ಅಂತರ, ನಡುವೆ ಗೆರೆಗಳೆಷ್ಟು, ಮುದ್ರೆ ಮರುಕಳಿಸಿತೋ ಇಲ್ಲವೋ ಎಂಬುದೆಲ್ಲ ಹೊರಟುಹೋಗುತ್ತದೆ. ಯಾವ ಯಂತ್ರದ್ದೆಂದು ಗುರುತಿಸುವ ಆಧಾರವೇ ಇಲ್ಲದಂತಾಗುತ್ತದೆ.

ವರ್ಗೀಕರಣದ ಮೆಟ್ಟಿಲುಗಳು

ಮುದ್ರೆಗಳನ್ನು ವಿಂಗಡಿಸುವ ಕೆಲಸ ಎಲ್ಲ ದೇಶಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ತೆರನಾದದ್ದು. ಕೈಯಿಂದ ಒತ್ತಿದ್ದೋ ಯಂತ್ರದ್ದೋ ಎಂಬುದು ಮೊದಲ ಮೆಟ್ಟಿಲು. ಕೈಯ ಮುದ್ರೆ ಓರೆಕೋರೆಯಾಗಿ, ಒಂದು ಕಡೆ ಮಸಿ ಹೆಚ್ಚಾಗಿ ಬಿದ್ದಿರುತ್ತದೆ. ಯಂತ್ರದ್ದು ಲಕೋಟೆಯ ಅಂಚಿಗೆ ಸಮಾನಾಂತರವಾಗಿ ನೇರವಾಗಿರುತ್ತದೆ.

ಯಂತ್ರದ್ದಾದರೆ ಯಾರು ಮಾಡಿದ ಯಂತ್ರ ಎಂಬುದು ಮುಂದಿನ ಪ್ರಶ್ನೆ. ಆಮೇಲೆ ದಿನಾಂಕದ ಚಕ್ರವನ್ನು ನೋಡಬೇಕು. ವರ್ತುಲ ಒಂದೋ ಎರಡೋ, ಅದರ ಅಳತೆ ಎಷ್ಟು ಮಿಲಿಮೀಟರು, ಊರ ಹೆಸರು ಮೇಲಿದೆಯೋ ಕೆಳಗಿದೆಯೋ, ವೇಳೆಯನ್ನು ಗಂಟೆಯಲ್ಲಿ ಹೇಳಿದೆಯೋ ಬೇರೆ ಸಂಕೇತದಲ್ಲೋ? ನಂತರ ಚೀಟಿಯನ್ನು ಕೊಲ್ಲುವ ಭಾಗ. ನೇರ ಗೆರೆಗಳೇ, ಅಲೆಗೆರೆಗಳೇ, ಎಷ್ಟು ಗೆರೆಗಳು, ಅಥವಾ ಗೆರೆಗಳ ಬದಲು ಘೋಷಣೆ ಇದೆಯೇ? ಕೊನೆಯದಾಗಿ ಸಂಗ್ರಾಹಕ ಎರಡು ತಾರೀಖುಗಳನ್ನು ಬರೆದಿಡುತ್ತಾನೆ. ಈ ಬಗೆಯ ಮುದ್ರೆ ಕಂಡುಬಂದ ಅತಿ ಹಿಂದಿನ ದಿನ ಒಂದು, ಅತಿ ಈಚಿನ ದಿನ ಇನ್ನೊಂದು. ಬೇರೊಬ್ಬನ ಬಳಿ ಅದಕ್ಕೂ ಹಿಂದಿನ ಲಕೋಟೆ ಸಿಕ್ಕರೆ ಪಟ್ಟಿ ತಿದ್ದಬೇಕು. ಹೀಗಾಗಿ ಈ ಪಟ್ಟಿ ಎಂದೂ ಮುಗಿಯುವುದಿಲ್ಲ. ಎಲ್ಲೋ ಒಂದು ಹಳ್ಳಿಮನೆಯ ಗೂಡಿನಲ್ಲಿರುವ ಲಕೋಟೆಯೂ ಅದನ್ನು ಬದಲಿಸಬಲ್ಲದು.

ನಮ್ಮಲ್ಲಿ ಮುಂಬಯಿಯಂಥ ಮಹಾನಗರಗಳ ಪತ್ರಗಳ ಮೇಲೆ ಅಲೆಗೆರೆ, ಘೋಷಣೆಗಳ ಯಂತ್ರಮುದ್ರೆ ಕಾಣುತ್ತದೆ. ಸ್ವಾತಂತ್ರ್ಯ ಬಂದ 1947ರಲ್ಲಿ ‘ಜೈ ಹಿಂದ್’ ಎಂಬ ಮುದ್ರೆ ದೇಶದ ಪತ್ರಗಳ ಮೇಲೆ ಬಿತ್ತು. ಚಿಕ್ಕ ಊರುಗಳಲ್ಲಿ ಮಾತ್ರ ಮರದ ಹಿಡಿಯ ಲೋಹದ ಠಸ್ಸೆಯೇ ಕೆಲಸ ನಡೆಸಿತು. ಬೆಳಿಗ್ಗೆ ಅಚ್ಚಿನ ತಾರೀಖು ಬದಲಿಸಿ, ಒಂದು ಪುಸ್ತಕದಲ್ಲಿ ಮೊದಲು ಒತ್ತಿ ನೋಡಿ, ಆಮೇಲೆ ಪತ್ರಗಳಿಗೆ ಹಾಕುವುದು ಕಚೇರಿಯ ಪದ್ಧತಿ. ಅವಸರದಲ್ಲಿ ತಾರೀಖು ತಲೆಕೆಳಗಾಗುವುದೂ ಉಂಟು. ಅಂಥ ತಪ್ಪುಗಳೂ ಸಂಗ್ರಾಹಕರಿಗೆ ಪ್ರಿಯವೇ.

ಮುಂಬಯಿಯಿಂದ ಬಾದಾಮಿಗೆ ರೈಲಿನಲ್ಲಿ ಬರುವ ಟಪಾಲಿಗೆ ಸೊಲ್ಲಾಪುರ, ಹೊಟಗಿ, ವಿಜಾಪುರ, ಬಾಗಲಕೋಟೆಗಳ ದಾರಿ ಇತ್ತು. ಓಡುವ ರೈಲಿನಲ್ಲಿಯೇ ಪತ್ರ ವಿಂಗಡಿಸುವ ರೈಲ್ವೆ ಟಪಾಲು ವಿಭಾಗಕ್ಕೂ ತನ್ನದೇ ಮುದ್ರೆಗಳಿದ್ದವು. ಹಾಗಾಗಿ ಒಂದೇ ಲಕೋಟೆಯ ಮೇಲೆ ನಗರದ ಯಂತ್ರ, ರೈಲಿನ ವಿಭಾಗ, ತಲುಪಿದ ಊರಿನ ಕೈಠಸ್ಸೆ ಮೂರೂ ಸಿಕ್ಕುವ ಸಂಭವವಿದೆ. ತಾರೀಖುಗಳನ್ನು ಜೋಡಿಸಿದರೆ ಪತ್ರ ಎಷ್ಟು ದಿನ ಪ್ರಯಾಣ ಮಾಡಿತೆಂಬುದು ಗೊತ್ತಾಗುತ್ತದೆ.

ಹೆಸರು ಬದಲಾದ ಊರುಗಳು

ಮುದ್ರೆಯ ಅತಿ ದೊಡ್ಡ ಉಪಕಾರ ಊರ ಹೆಸರಿನದು. ನಾರ್ವೆಯ ರಾಜಧಾನಿಯನ್ನೇ ನೋಡಬಹುದು. ಅದರ ಹೆಸರು ಕ್ರಿಸ್ಟಿಯಾನಿಯಾ. ಇಂಗ್ಲಿಷಿನ ‘ಸಿಎಚ್’ ಅಕ್ಷರಗಳಿಂದ ಬರೆಯುತ್ತಿದ್ದ ಆ ಹೆಸರನ್ನು 1877ರಿಂದ ಸರ್ಕಾರ ‘ಕೆ’ ಅಕ್ಷರದಿಂದ ಬರೆಯತೊಡಗಿತು. 1925ರ ಜನವರಿ 1ರಂದು ಆ ಹೆಸರೇ ಹೋಗಿ ಓಸ್ಲೋ ಎಂದಾಯಿತು. ಟ್ರೋಂಡ್‌ಯೆಮ್ ಎಂಬ ಇನ್ನೊಂದು ನಗರಕ್ಕೆ 1930ರಲ್ಲಿ ನಿಡಾರೋಸ್ ಎಂಬ ಪ್ರಾಚೀನ ಹೆಸರನ್ನು ಮರಳಿ ಕೊಟ್ಟರು. ಜನ ಒಪ್ಪಲಿಲ್ಲ. 1931ರ ಮಾರ್ಚ್‌ನಲ್ಲಿ ಅದು ಟ್ರೋಂಡ್‌ಹೈಮ್ ಆಯಿತು. ಹೀಗಾಗಿ ‘ನಿಡಾರೋಸ್’ ಎಂಬ ಮುದ್ರೆ ಕಂಡರೆ ಇಸವಿ ಅಳಿಸಿದ್ದರೂ ಚಿಂತೆಯಿಲ್ಲ. ಊರ ಹೆಸರೇ ಪಂಚಾಂಗ.

ನಮ್ಮ ಬಾಗಲಕೋಟೆ ಸೀಮೆಯ ಕಥೆಯೂ ಇದಕ್ಕೆ ಕಡಿಮೆಯಿಲ್ಲ. ಇಂದು ಚಿಕ್ಕ ಊರಾಗಿರುವ ಕಲಾದಗಿ 1885ರವರೆಗೆ ಜಿಲ್ಲಾ ಕೇಂದ್ರವಾಗಿತ್ತು. ಜಿಲ್ಲೆಗೂ ಅದೇ ಹೆಸರು. ಕೇಂದ್ರ ವಿಜಾಪುರಕ್ಕೆ ಹೋದ ಮೇಲೆ ಜಿಲ್ಲೆ ವಿಜಾಪುರವಾಯಿತು. 1956ರಲ್ಲಿ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. 2014ರ ನವೆಂಬರ್ 1ರಂದು ವಿಜಾಪುರವೇ ವಿಜಯಪುರವಾಯಿತು. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಆದ್ದರಿಂದ ಬಾದಾಮಿಯ 587201 ಎಂಬ ಅಂಕೆ ಮುದ್ರೆಯಲ್ಲಿ ಇದ್ದರೆ ಅದು ಆ ದಿನಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ.

ಆಲಮಟ್ಟಿಯ ಹಿನ್ನೀರು ಏರಿದಾಗ ಹಳೆಯ ಬಾಗಲಕೋಟೆಯ ಓಣಿಗಳು ನೀರಿಗೆ ಹೋಗಿ ಜನ ನವನಗರಕ್ಕೆ ಬಂದರು. ಕೃಷ್ಣೆ, ಘಟಪ್ರಭೆಗಳ ದಂಡೆಯ ಎಷ್ಟೋ ಹಳ್ಳಿಗಳು ಜಾಗ ಬದಲಿಸಿದವು. ಮನೆ ಬಿಡುವಾಗ ಹಳೆಯ ಕಾಗದಗಳನ್ನು ಹೊತ್ತು ತರುವವರು ಎಷ್ಟು ಮಂದಿ? ಆ ಊರುಗಳಲ್ಲಿ ಟಪಾಲು ನಡೆಯುತ್ತಿತ್ತು ಎಂಬುದಕ್ಕೆ ಬೇರೆ ಊರಿನ ನೆಂಟರ ಮನೆಯಲ್ಲಿ ಉಳಿದ ಕಾರ್ಡೇ ಈಗ ಕುರುಹು.

ಸಾಧಾರಣ ಸಂವತ್ಸರದ ಪತ್ರ

ಮೊದಲು ಹೇಳಿದ ಶಿವಯೋಗ ಮಂದಿರದ ಲಕೋಟೆಗೆ ಮರಳಬಹುದು. ಅದರ ಬೆನ್ನ ಮೇಲಿನ ಮುದ್ರೆಯಲ್ಲಿ ಇಸವಿಯ ಅಂಕೆ ಮಸಿಯಲ್ಲಿ ಮುಳುಗಿದೆ ಎಂದೇ ಇಟ್ಟುಕೊಳ್ಳೋಣ. ಆಗಲೂ ದಾರಿಯಿದೆ. ಊರ ಹೆಸರು ಇಂಗ್ಲಿಷಿನಲ್ಲಿ ಮಾತ್ರ ಇದೆಯೋ, ಜೊತೆಗೆ ದೇವನಾಗರಿ ಅಕ್ಷರವೂ ಇದೆಯೋ ನೋಡಬೇಕು. ಬ್ರಿಟಿಷರ ಕಾಲದ 1910ರ ಮುದ್ರೆಯಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಒಂದೇ. 1970ರ ಹೊತ್ತಿಗೆ ಹಿಂದಿಯೂ ಸೇರಿತ್ತು. ಲಕೋಟೆಯ ಮುಂಬದಿಯಲ್ಲಿ ಹಿಂದಿ–ಇಂಗ್ಲಿಷ್ ಘೋಷಣೆಯ ಯಂತ್ರಮುದ್ರೆಯ ತುಣುಕು ಉಳಿದಿದ್ದರಂತೂ ಅನುಮಾನವೇ ಬೇಡ. ವರ್ತುಲದ ಅಳತೆ, ಅಕ್ಷರದ ಮಾದರಿಗಳನ್ನು ಕಾಲ ತಿಳಿದ ಬೇರೆ ಲಕೋಟೆಗಳೊಂದಿಗೆ ಹೋಲಿಸಿದರೆ ತೀರ್ಮಾನ ಗಟ್ಟಿಯಾಗುತ್ತದೆ. ವರ್ಗೀಕರಣ ಎಂಬುದು ಆಲ್ಬಮ್ ತುಂಬಿಸುವ ಆಟವಲ್ಲ, ಕಾಲ ಗೊತ್ತಿಲ್ಲದ ಕಾಗದಕ್ಕೆ ಕಾಲ ಕಟ್ಟಿಕೊಡುವ ವಿದ್ಯೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಕಾನೂನಿಗೂ ಇದರೊಡನೆ ನಂಟಿದೆ. 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ಒಪ್ಪಿಗೆಯ ಪತ್ರವನ್ನು ಸರಿಯಾದ ವಿಳಾಸ ಬರೆದು ಟಪಾಲಿಗೆ ಹಾಕಿದೊಡನೆಯೇ ಅದು ಪ್ರಸ್ತಾಪ ಮಾಡಿದವನನ್ನು ಕಟ್ಟಿಹಾಕುತ್ತದೆ. ಹಾಕಿದ್ದು ಯಾವ ದಿನ ಎಂಬ ವಾದ ಬಂದಾಗ ಮುದ್ರೆಯ ತಾರೀಖಿಗೆ ಬೆಲೆ ಬರುತ್ತದೆ.

ಮುದ್ರೆ ಸುಳ್ಳು ಹೇಳುವುದಿಲ್ಲವೇ? ಅದನ್ನು ಒತ್ತುವವರು ಸುಳ್ಳು ಹೇಳಿಸಬಹುದು. ಬೆಲೆಬಾಳುವ ಚೀಟಿಗೆ ಕಳ್ಳ ಮುದ್ರೆ ಹಾಕಿ ಮಾರುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಆದರೆ ಚೀಟಿ ಹೊರಬರುವ ಮೊದಲಿನ ತಾರೀಖು, ಆ ಕಾಲಕ್ಕಿಲ್ಲದ ಊರ ಹೆಸರು, ಕಚೇರಿ ಬಳಸದ ಅಳತೆಯ ವರ್ತುಲ ಇಂಥ ಕಡೆ ಕಳ್ಳ ಸಿಕ್ಕಿಬೀಳುತ್ತಾನೆ. ಅವನನ್ನು ಹಿಡಿಯುವುದೂ ಸಂಗ್ರಾಹಕರು ತಾಳ್ಮೆಯಿಂದ ಮಾಡಿದ ಪಟ್ಟಿಗಳೇ.

ಉಳಿಸಿಕೊಳ್ಳುವುದು ಹೇಗೆ?

ಇದಕ್ಕೆ ದುಡ್ಡಿಗಿಂತ ಎಚ್ಚರ ಮುಖ್ಯ. ಹಳೆಯ ಲಕೋಟೆ, ಕಾರ್ಡುಗಳು ಸಿಕ್ಕರೆ ಚೀಟಿ ಕತ್ತರಿಸಬಾರದು, ನೀರಿಗೆ ಹಾಕಬಾರದು. ಒಳಗಿನ ಕಾಗದವನ್ನು ಲಕೋಟೆಯಿಂದ ಬೇರೆ ಮಾಡಿ ಕಳೆಯಬಾರದು; ಮಾತು ಒಂದು ಕಡೆ, ಸಾಕ್ಷಿ ಇನ್ನೊಂದು ಕಡೆ ಆಗಿಬಿಡುತ್ತದೆ. ಪತ್ರಗಳನ್ನು ಮೊಳೆಗೋ ತಂತಿಗೋ ಚುಚ್ಚಿಡುವ ಹಳೆಯ ರೂಢಿಯಿಂದ ಎಷ್ಟೋ ಮುದ್ರೆಗಳು ತೂತಾಗಿವೆ. ಅಂಟುಪಟ್ಟಿ ಹಚ್ಚಿದರೆ ಕಾಲಕ್ರಮದಲ್ಲಿ ಕಾಗದ ಹಳದಿಯಾಗುತ್ತದೆ. ಬಿಸಿಲು, ತೇವ ತಾಗದ ಕಡೆ ಒಣ ಕಾಗದದ ನಡುವೆ ಮಡಿಕೆಯಿಲ್ಲದೆ ಇಡುವುದು ಕ್ಷೇಮ. ಮುದ್ರೆ ಮಸುಕಾಗಿದ್ದರೆ ಭೂತಗನ್ನಡಿ ಹಿಡಿದು, ಓದಲು ಬಂದಷ್ಟನ್ನು ಬೇರೆ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿಡಬಹುದು. ಲಕೋಟೆಯ ಮೇಲೆ ಮಾತ್ರ ಬರೆಯಬಾರದು. ಮಠ, ಶಾಲೆ, ಅಂಗಡಿ, ಸಹಕಾರಿ ಸಂಘಗಳ ಹಳೆಯ ಕಡತಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ತಿರುವಿ ನೋಡುವುದು ಒಳ್ಳೆಯದು. ‘ಕರ್ನಾಪೆಕ್ಸ್’ನಂಥ ರಾಜ್ಯಮಟ್ಟದ ಅಂಚೆಚೀಟಿ ಪ್ರದರ್ಶನಗಳಲ್ಲಿ ಇಡೀ ಲಕೋಟೆಗಳಿಗೆ ಇರುವ ಮರ್ಯಾದೆಯನ್ನು ನೋಡಿದವರಿಗೆ ಈ ಮಾತಿನ ಅರ್ಥ ತಿಳಿದೀತು.

ಕಾಲ ಬದಲಾಗುತ್ತಿದೆ. 1898ರ ಅಂಚೆ ಕಾಯಿದೆಯ ಜಾಗದಲ್ಲಿ ಹೊಸ ಕಾಯಿದೆ 2024ರ ಜೂನ್‌ನಲ್ಲಿ ಜಾರಿಗೆ ಬಂತು. 2025ರಲ್ಲಿ ರಿಜಿಸ್ಟರ್ಡ್ ಟಪಾಲು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಪಟ್ಟಿಗೆರೆಗಳ ಚೀಟಿ ಅಂಟಿಸಿದ ಲಕೋಟೆಯ ಪ್ರಯಾಣವನ್ನು ಈಗ ಗಣಕ ಯಂತ್ರ ನೆನಪಿಟ್ಟುಕೊಳ್ಳುತ್ತದೆ. ಆ ನೆನಪು ಗಣಕದಲ್ಲಿರುತ್ತದೆಯೇ ಹೊರತು ಕಾಗದದ ಮೇಲಲ್ಲ. ಮನೆಯ ಪೆಟ್ಟಿಗೆಯಲ್ಲಿ ಅರವತ್ತು ವರ್ಷ ಕಾದಿದ್ದು, ಕೇಳಿದವರಿಗೆ ಊರು–ದಿನಾಂಕ ಹೇಳುವ ಗುಣ ಆ ದುಂಡು ಮುದ್ರೆಗೆ ಇದೆ.

ಮುಂದಿನ ಸಾಧಾರಣ ಸಂವತ್ಸರ ಬರುವುದು 2030ರಲ್ಲಿ. ಆಗ ಯಾರಾದರೂ ಇಸವಿ ಬರೆಯದೆ ಶಿವಯೋಗ ಮಂದಿರಕ್ಕೆ ಒಂದು ಕಾಗದ ಹಾಕಿದರೆ, ಅದರ ಮೇಲೆ ಅಚ್ಚುಕಟ್ಟಾಗಿ ಬಿದ್ದ ಒಂದು ಠಸ್ಸೆ ಮುಂದಿನ ತಲೆಮಾರಿಗೆ ದಾರಿ ತೋರಬೇಕಾಗುತ್ತದೆ. ಅದಕ್ಕೆ ಮೊದಲು, ಈಗ ಪೆಟ್ಟಿಗೆಯಲ್ಲಿ ಇರುವ ಲಕೋಟೆಗಳಿಂದ ಕತ್ತರಿಯನ್ನು ದೂರವಿಟ್ಟರೆ ಸಾಕು.